ಬಲಕ್ಕೆ ಏರಿದ ಬೆಳಕು

ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಹಿಂದಿನ ದಿನ ನೆನೆಹಾಕಿದ ಕಾಳು ಚೆನ್ನಾಗಿ ಉಬ್ಬಿತ್ತು. ಹೆಬ್ಬೆರಳು ತಾಕಿಸಿದರೆ ಸಾಕು, ಸಿಪ್ಪೆ ಬಿಟ್ಟು ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು. ನಮ್ಮ ಯಜಮಾನರು ಆ ಹೊತ್ತಿನಲ್ಲಿ ಅಂಗಡಿ ಬಿಟ್ಟು ಮನೆಯೊಳಕ್ಕೆ ಬರುವವರಲ್ಲ. ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಟೆಸ್ಟರ್ ಹಾಗೇ ಇತ್ತು.

"ಊರಮ್ಮನ ಗುಡಿ ಪೂಜಾರಿ ಮಾದಯ್ಯ ನೆನ್ನೆ ಸಂಜೆ ಗಾಡಿಯಿಂದ ಬಿದ್ದವ್ರಂತೆ. ಬಲಗೈ ಮುರ್ದದೆ," ಅಂದರು. ನಾನು ಅಯ್ಯೋ ಅನ್ನುವ ಮೊದಲೇ ಉಳಿದದ್ದನ್ನೂ ಹೇಳಿಬಿಟ್ಟರು. "ಎದ್ರುಗಡೆ ಬಂದ ಕಾರಿನ ಲೈಟು ಕಣ್ಗೆ ಒಡ್ದು ಏನೂ ಕಾಣ್ದೆ ಗದ್ದೆಗೆ ಇಳ್ದವ್ರೆ. ಕಂಡೋರು ಹೇಳವ್ರೆ, ಮಳವಳ್ಳಿ ಮೇಷ್ಟ್ರ ಕಾರಂತೆ. ನಾವು ಲೈಟ್ ಹಾಕ್ಕೊಟ್ಟದ್ದು."

ನನ್ನ ಕೈಯ ಕಾಳು ಕೈಯಲ್ಲೇ ಉಳಿಯಿತು.

ಮದ್ದೂರಿನಲ್ಲಿ ಮನೆಗೆ ಅಂಟಿಕೊಂಡೇ ಇದ್ದ ನಮ್ಮ ಆಟೋ ಎಲೆಕ್ಟ್ರಿಕಲ್ ಅಂಗಡಿಯನ್ನು ಈಗ ನಮ್ಮಣ್ಣನ ಮಗಳು ಭಾಗ್ಯ ನೋಡಿಕೊಳ್ಳುತ್ತಾಳೆ. ಐಟಿಐ ಓದಿದ ಹುಡುಗಿ. ಅವಳ ಹತ್ತಿರ ಕೆಲಸ ಕಲಿಯಲು ಇನ್ನೂ ಕೆಲವು ಹೆಣ್ಣುಮಕ್ಕಳು ಬರುತ್ತಾರೆ. ಅವರಿಗೆ ಓದಿ ಹೇಳುವುದಕ್ಕೆ ನಿನ್ನ ಅನುಭವ ಬರೆದುಕೊಡು ಅತ್ತೆ, ನೀನು ಚೆನ್ನಾಗಿ ಮಾಡಿದ ಕೆಲಸಗಳನ್ನೆಲ್ಲ ಬರಿ ಅಂತ ಹಿಂದೆ ಬಿದ್ದಳು. ಚೆನ್ನಾಗಿ ಮಾಡಿದ ಕೆಲಸ ಯಾರಿಗೂ ಏನೂ ಕಲಿಸುವುದಿಲ್ಲ ಮಗಳೇ. ಆ ಲೈಟು ಉರಿಯುತ್ತಾ ಹೋಯಿತು, ಗಿರಾಕಿ ಮರೆತ, ನಾವೂ ಮರೆತೆವು. ನೆನಪಿನಲ್ಲಿ ನಿಲ್ಲುವುದೇ ಬೇರೆ. ಅದನ್ನು ಬರೆಯಲು ನಾಚಿಕೆಯಾಗುತ್ತೆ. ಆದರೂ ಬರೀತೀನಿ.

ನಾನು ಈ ಕೆಲಸಕ್ಕೆ ಬರಬೇಕು ಅಂತ ಬಂದವಳಲ್ಲ. ಕಬ್ಬು ಕಡಿಯುವ ಕಾಲ ಬಂತೆಂದರೆ ಲಾರಿ, ಟ್ರ್ಯಾಕ್ಟರ್ ಎಲ್ಲ ಲೈಟ್ ಸರಿ ಮಾಡಿಸಲು ಸಾಲುಗಟ್ಟುತ್ತಿದ್ದವು. ಒಂದು ವರ್ಷ ಕೆಲಸದವನು ಹೇಳದೆ ಕೇಳದೆ ಬಿಟ್ಟುಹೋದ. ಯಜಮಾನರು ಒಂದು ಮೂಟೆ ವೈರು ತಂದು ನಡುಮನೆಯಲ್ಲಿ ಸುರಿದು, ಇದಕ್ಕೆ ಟೇಪು ಸುತ್ತಿಕೊಡು ಅಂದರು. ಸೊಪ್ಪು ಬಿಡಿಸುವುದಕ್ಕಿಂತ ಕಷ್ಟವೇನಲ್ಲ ಅನ್ನಿಸಿತು. ಟೇಪು ಸುತ್ತಿದವಳು ಬೆಸುಗೆ ಹಾಕುವುದು ಕಲಿತೆ, ಆಮೇಲೆ ಪೂರಾ ವೈರಿಂಗ್ ಕಟ್ಟುವುದು ಕಲಿತೆ. ದೇವರ ದಯೆ, ನನ್ನ ಕೈ ನಡುಗುತ್ತಿರಲಿಲ್ಲ.

ಕಲಿತದ್ದು ತಪ್ಪು ಮಾಡಿಯೇ. ಒಂದು ಲಾರಿಗೆ ಹಾರನ್ ವೈರನ್ನೂ ಬ್ರೇಕ್ ಲೈಟಿನ ವೈರನ್ನೂ ಅದಲುಬದಲು ಕೊಟ್ಟಿದ್ದೆ. ಡ್ರೈವರ್ ಬ್ರೇಕ್ ತುಳಿದಾಗಲೆಲ್ಲ ಹಾರನ್ ಹೊಡೆಯುತ್ತಿತ್ತು. ಕಬ್ಬು ತುಂಬಿಕೊಂಡು ಮಂಡ್ಯದ ಫ್ಯಾಕ್ಟರಿ ಸಾಲಿನಲ್ಲಿ ಹೆಜ್ಜೆಗೊಂದು ಸಲ ಬ್ರೇಕ್ ಹಾಕುತ್ತಾ, ಹೆಜ್ಜೆಗೊಂದು ಸಲ ಬೈಸಿಕೊಳ್ಳುತ್ತಾ ನಿಂತಿದ್ದನಂತೆ. ವಾಪಸ್ ಬಂದವನು ಜಗಳ ಮಾಡುತ್ತಾನೆ ಅಂತ ನಾನು ಒಳಗೆ ಅವಿತುಕೊಂಡೆ. ಅವನು ಹೊರಗಿಂದಲೇ, "ಅಕ್ಕೋ, ಮುಂದಿನ ಸಲ ಡೋಲೂ ಸೇರ್ಸ್‌ಬುಡು, ಮದುವೆ ದಿಬ್ಬಣಕ್ಕೇ ಬಾಡಿಗೆ ಓಯ್ತೀನಿ," ಅಂದ. ಅದು ನಕ್ಕು ಮುಗಿದ ತಪ್ಪು.

ನಮಗೆ ಮೇಲಧಿಕಾರಿ ಅಂತ ಯಾರೂ ಇರಲಿಲ್ಲ. ಬಂದ ಗಿರಾಕಿಯೇ ಮೇಲಧಿಕಾರಿ, ಅವನು ಹೇಳಿದ್ದೇ ಕಾನೂನು. ನಾನು ಕೆಲಸಕ್ಕೆ ಕೂತ ಕಾಲದಲ್ಲಿ ಲಾರಿಯವರು ಹೆಡ್‌ಲೈಟಿನ ಗಾಜಿನ ನಡುವೆ ಕಪ್ಪು ಬಣ್ಣದ ಬೊಟ್ಟು ಹಾಕಿಸಿಕೊಳ್ಳುತ್ತಿದ್ದರು, ಎದುರಿನವರ ಕಣ್ಣಿಗೆ ಹೊಡೆಯಬಾರದು ಅಂತ. ಆ ಬೊಟ್ಟು ಹಾಕುವ ಕೆಲಸವೂ ನನ್ನದೇ. ಈಗ ಬರುವವರು ಕೇಳುವುದೇ ಬೇರೆ. ಹಾಲಿನಂತೆ ಬೆಳ್ಳಗಿರಬೇಕು, ದೂರ ಹೊಡೆಯಬೇಕು, ಎದುರಿನವನು ತಾನಾಗಿ ಪಕ್ಕಕ್ಕೆ ಸರಿಯಬೇಕು. ನಾವೂ ಹಾಕಿಕೊಟ್ಟೆವು. ಬೇಡ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ ಅಂತ ಹಾಕಿಕೊಟ್ಟೆವು. ಬೊಟ್ಟಿಡುತ್ತಿದ್ದ ಕೈಯಲ್ಲೇ ಇದನ್ನೂ ಮಾಡಿದೆನಲ್ಲ ಅಂತ ಈಗ ಅನ್ನಿಸುತ್ತೆ.

ಪುಟ್ಟಸ್ವಾಮಿ ಮೇಷ್ಟ್ರು ಅಂಥ ಗಿರಾಕಿಯಲ್ಲ. ಮಳವಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತರಾದವರು. ಮೈಸೂರಿನಲ್ಲಿ ಯಾರೋ ಬಳಸಿ ಬಿಟ್ಟ ಒಂದು ಹಳೆಯ ಜರ್ಮನಿ ಕಾರನ್ನು ಆಸೆಪಟ್ಟು ತೆಗೆದುಕೊಂಡು ಮಗುವಿನಂತೆ ನೋಡಿಕೊಂಡಿದ್ದರು. ಅವರ ಹೆಂಡತಿ ಜಯಮ್ಮನವರಿಗೆ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಮೂರು ಸಲ ಮಂಡ್ಯಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಅದು ಮುಗಿಯುವಷ್ಟರಲ್ಲಿ ಆಕೆಗೆ ನಿಲ್ಲಲೂ ತ್ರಾಣ ಇರುತ್ತಿರಲಿಲ್ಲ, ಬಸ್ಸಿನ ಮಾತೇ ಇಲ್ಲ. ವಾಪಸ್ ಬರುವಾಗ ಕತ್ತಲು. ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುವ ರಸ್ತೆ. ಲೈಟು ಸಾಲದು ಅಂತ ಮೇಷ್ಟ್ರು ನಮ್ಮಲ್ಲಿಗೆ ಬಂದರು.

ಹಳೇ ಯೂರೋಪಿನ ಕಾರುಗಳಲ್ಲಿ ಲೈಟು ಮಂಕಾಗುವುದು ಹೆಚ್ಚಾಗಿ ಬಲ್ಬಿನಿಂದಲ್ಲ. ಬ್ಯಾಟರಿಯ ಕರೆಂಟು ಸವೆದ ಸ್ವಿಚ್ಚು, ಹಳೇ ವೈರು ಎಲ್ಲ ದಾಟಿ ಬರುವಷ್ಟರಲ್ಲಿ ಸೋತಿರುತ್ತೆ. ದಪ್ಪ ವೈರು ಎಳೆದು, ನಡುವೆ ರಿಲೇ ಅನ್ನುವ ಸಣ್ಣ ಸ್ವಿಚ್ಚು ಕೊಟ್ಟು ಬ್ಯಾಟರಿಯಿಂದ ನೇರ ಬಲ್ಬಿಗೆ ಕೊಟ್ಟರೆ ಅದೇ ಬಲ್ಬು ಫಳಫಳ ಅನ್ನುತ್ತೆ. ಆ ವೈರಿಂಗ್ ನಾನೇ ಕಟ್ಟಿದೆ. ನನ್ನ ಕಣ್ಣಿಗೆ ಹಗಲಾದಂತಾಯಿತು. ಮೇಷ್ಟ್ರು ಒಂದು ವಾರ ಓಡಿಸಿ ಬಂದು, ಸಾಲದಮ್ಮ ಅಂದರು. ಬಲ್ಬು ಬದಲಿಸಿದೆವು. ಆಗಲೂ ಸಾಲದು ಅಂದರು.

ಇಲ್ಲೇ ನಾವು ನಿಲ್ಲಬೇಕಿತ್ತು. ಚೆನ್ನಾಗಿರುವ ಲೈಟನ್ನು ಒಬ್ಬ ಮನುಷ್ಯ ಸಾಲದು ಅಂತ ಮತ್ತೆ ಮತ್ತೆ ಯಾಕೆ ಅನ್ನುತ್ತಾನೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಯಜಮಾನರು ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಸುತ್ತಿ, ಅದೇ ಕಾರಿಗೆ ಹೊಂದುವ ಒಂದು ಜೊತೆ ಹೆಡ್‌ಲೈಟ್ ತಂದರು. ಹೊರದೇಶದಲ್ಲಿ ಗಾಡಿ ಬಿಚ್ಚಿ ಕಳಿಸಿದ ಮಾಲು. ಗಾಜು ಕನ್ನಡಿಯ ಹಾಗಿತ್ತು.

ಅದನ್ನು ಕೂರಿಸಿದ ದಿನ ಸಂಜೆ ನಾನು ನಿಂಬೆಹಣ್ಣು, ಅರಿಸಿನ ಕುಂಕುಮ ಹಿಡಿದುಕೊಂಡು ಅಂಗಡಿಗೆ ಹೋದೆ. ಲೈಟಿನ ಎತ್ತರ ಹೊಂದಿಸುವುದು ನಮ್ಮಲ್ಲಿ ಹೀಗೆ: ಕತ್ತಲು ಕವಿಯುವಾಗ ಅಂಗಡಿ ಎದುರಿನ ಅಕ್ಕಿ ಗಿರಣಿಯ ಸುಣ್ಣದ ಗೋಡೆಗೆ ಮುಖಮಾಡಿ ಗಾಡಿ ನಿಲ್ಲಿಸಿ, ಲೈಟು ಡಿಮ್ ಮಾಡಿ, ಗೋಡೆಯ ಮೇಲೆ ಬೆಳಕಿನ ಗೆರೆ ಎಲ್ಲಿ ಬೀಳುತ್ತೆ ನೋಡಿ ತಿರುಪು ತಿರುಗಿಸುವುದು. ಅದು ಯಾವಾಗಲೂ ಯಜಮಾನರ ಕೆಲಸ. ಆ ಹೊತ್ತಿಗೆ ನಾನು ಮನೆಯಲ್ಲಿ ದೇವರಿಗೆ ದೀಪ ಹಚ್ಚುತ್ತಿರುತ್ತೇನೆ. ಇಷ್ಟು ವರ್ಷ ವೈರು ಕಟ್ಟಿದವಳು ಗೋಡೆ ಮೇಲೆ ಬೆಳಕು ಬಿದ್ದದ್ದನ್ನು ನಿಂತು ನೋಡಿದವಳಲ್ಲ. ಅವತ್ತು ನೋಡಿದೆ. ಬೆಳಕಿನ ಗೆರೆ ಎಡಗಡೆ ಮಟ್ಟಸವಾಗಿದ್ದು ಬಲಗಡೆಗೆ ಬರುತ್ತಾ ಮೇಲಕ್ಕೆ ಏರಿತ್ತು.

ಯಜಮಾನರು ಹುಬ್ಬುಗಂಟಿಕ್ಕಿದರು. "ಇದ್ಯಾಕೆ ಬಲಕ್ಕೆ ಏರದೆ. ನಮ್ಮ ಗಾಡಿಗಳಲ್ಲಿ ಎಡಕ್ಕಲ್ವ ಏರೋದು," ಅಂದರು.

ಆ ದಿನ ಬೆಳಿಗ್ಗೆ ನಾನು ನಮ್ಮ ಮನೆದೇವರಾದ ಊರಮ್ಮನ ಗುಡಿಗೆ ಹೋಗಿದ್ದೆ. ಚಿಕ್ಕರಸಿನಕೆರೆಯಿಂದ ಮುಂದೆ ಒಂದು ಸಣ್ಣ ಹಳ್ಳಿ ಅದು. ಪೂಜೆಯಾದ ಮೇಲೆ ಮನಸ್ಸಿನಲ್ಲಿ ಒಂದು ಕೆಲಸ ನೆನೆದು ಕಾಯುತ್ತೇವೆ. ಅಮ್ಮನ ಬಲಗಡೆಯಿಂದ ಹೂ ಬಿದ್ದರೆ ಆಗಲಿ ಅಂತ ಅಪ್ಪಣೆ. ಜಯಮ್ಮನವರು ಕ್ಷೇಮವಾಗಿ ಹೋಗಿಬರುವ ಹಾಗಾಗಲಿ ಅಂತ ನೆನೆದು ಕಾದಿದ್ದೆ, ಹೂವಾಗಲೇ ಇಲ್ಲ, ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದಿದ್ದೆ. ಈಗ ಗೋಡೆಯ ಮೇಲೆ ಬೆಳಕು ಬಲಕ್ಕೆ ಏರಿದ್ದು ಕಂಡು ಕೈಮುಗಿದುಬಿಟ್ಟೆ. "ಬಲಗಡೆ ಕೊಟ್ಟವ್ಳೆ ಕಣ್ರೀ ಅಮ್ಮ. ಅದನ್ನ ಮುಟ್ಬೇಡಿ," ಅಂದೆ.

ಅವರು ಒಂದು ಗಳಿಗೆ ಗೋಡೆ ನೋಡಿದರು, ನನ್ನ ಮುಖ ನೋಡಿದರು. ಹೊರದೇಶದ್ದು, ಅದನ್ನ ಮಾಡಿರೋದೇ ಹಂಗಿರಬೇಕು ಅಂತ ತಿರುಪು ಹಾಕುವ ಕೈ ಹಿಂದಕ್ಕೆ ತೆಗೆದರು. ಮೇಷ್ಟ್ರಿಗೆ ಬಹಳ ಸಂತೋಷವಾಯಿತು.

ಆ ಲೈಟು ಮಾಡಿದ್ದು ರಸ್ತೆಯ ಬಲಗಡೆ ಗಾಡಿ ಓಡಿಸುವ ದೇಶಕ್ಕೆ. ಅಲ್ಲಿ ರಸ್ತೆಯಂಚು ಬಲಕ್ಕಿರುತ್ತೆ, ಅಂಚಿನಲ್ಲಿ ನಡೆಯುವವರು ಕಾಣಲಿ ಅಂತ ಬೆಳಕು ಬಲಕ್ಕೆ ಏರುತ್ತೆ. ನಮ್ಮ ರಸ್ತೆಯಲ್ಲಿ ಬಲಗಡೆ ಇರುವುದು ಎದುರಿನಿಂದ ಬರುವವನ ಕಣ್ಣು. ಲೈಟು ಡಿಮ್ ಮಾಡಿದರೂ ಆ ಕಣ್ಣಿಗೇ ಹೋಗಿ ಹೊಡೆಯುತ್ತೆ. ಎಡಕ್ಕೆ ಏರುವ ಗೆರೆಯೇ ಸರಿ ಅಂತ ಗೊತ್ತಿದ್ದ ಮನುಷ್ಯನ ಕೈಯನ್ನು ನಾನು ಅಮ್ಮನ ಹೆಸರು ಹೇಳಿ ತಡೆದಿದ್ದೆ.

ಅವರೆಕಾಳಿನ ಪಾತ್ರೆಗೆ ತಟ್ಟೆ ಮುಚ್ಚಿ ನಾವಿಬ್ಬರೂ ಹೊರಟೆವು. ಮಾದಯ್ಯನವರು ಜಗುಲಿಯ ಮೇಲೆ ಕೂತಿದ್ದರು. ಬಲಗೈಗೆ ಮೊಣಕೈವರೆಗೆ ಪಟ್ಟಿ ಕಟ್ಟಿತ್ತು. ಅಮ್ಮನಿಗೆ ಆರತಿ ಎತ್ತುವ ಕೈ. ಪೂಜೆಗೆ ಅವರ ತಮ್ಮ ಹೋಗಿದ್ದನಂತೆ. ನೀರು ಕಟ್ಟಿದ ಗದ್ದೆಯಾಗಿತ್ತು, ಕೆಸರಿಗೆ ಬಿದ್ದೆ, ಹತ್ತು ಮಾರು ಹಿಂದಾಗಿದ್ದರೆ ನಾಲೆಯ ಕಲ್ಲುಕಟ್ಟಡ ಇತ್ತು ಅಂತ ಅವರೇ ಸಮಾಧಾನ ಹೇಳಿದರು. ಇದ್ದ ದಯೆ ಅದೊಂದು. ಅದನ್ನೂ ಪೆಟ್ಟುಬಿದ್ದವರ ಬಾಯಲ್ಲಿ ಕೇಳಬೇಕಾಯಿತು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಗೋಡೆ, ಬಲಕ್ಕೆ ಏರಿದ ಬೆಳಕು, ಕೈಮುಗಿದದ್ದು. ಯಜಮಾನರು ನೆಲ ನೋಡುತ್ತಾ ನಿಂತಿದ್ದರು. ಮಾದಯ್ಯ ಹೇಳಿದರು:

"ಸಾವಿತ್ರಮ್ಮ, ಅಮ್ಮನ ಬಲ ಅಂದ್ರೆ ಎದ್ರುಗಡೆ ನಿಂತಿರೋ ನಮ್ಗೆ ಎಡ ಕಣಮ್ಮ. ಇಷ್ಟು ವರ್ಸ ಗುಡೀಗೆ ಬತ್ತಿದ್ದೀಯ, ಹೂ ಯಾವ ಕಡೆಯಿಂದ ಬೀಳ್ತದೆ ನೋಡಿಲ್ವ?"

ನೋಡಿದ್ದೆ. ಸಾವಿರ ಸಲ ನೋಡಿದ್ದೆ. ನನಗೆ ಬೇಕಾದಾಗ ಮರೆತಿದ್ದೆ. ಎದ್ದು ಹೊರಟಾಗ ಅವರು ಎಡಗೈಯಲ್ಲೇ ಕುಂಕುಮ ಹಿಡಿದು, "ಎಡಗೈಯಲ್ಲಿ ಕೊಡ್ತಾವ್ನೆ ಅಂತ ಬೇಜಾರ್ ಮಾಡ್ಕೊಬೇಡ," ಅಂದರು. ಹಣೆಗಿಟ್ಟುಕೊಳ್ಳಲು ನನ್ನ ಕೈ ಮೇಲೇಳಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡೆ.

ಅಲ್ಲಿಂದಲೇ ಬಸ್ಸು ಹಿಡಿದು ಮಳವಳ್ಳಿಗೆ ಹೋದೆ. ಯಜಮಾನರು ಬರಲಿಲ್ಲ. ಹಾಕಿದ ಕೆಲಸ ಬಿಚ್ಚುತ್ತೀನಿ ಅಂತ ಗಿರಾಕಿ ಮನೆಬಾಗಿಲಿಗೆ ಯಾವತ್ತೂ ಹೋದವನಲ್ಲ ನಾನು, ಇದು ನಿನ್ನಿಂದ ಆದದ್ದು, ನೀನೇ ಹೋಗು ಅಂದರು. ಸಿಟ್ಟಿನಲ್ಲಿ ಅಂದದ್ದಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ಮೇಷ್ಟ್ರಿಗೆ ಪೂಜಾರಿ ಬಿದ್ದ ಸುದ್ದಿಯೇ ಗೊತ್ತಿರಲಿಲ್ಲ. "ನನ್ನೆದುರು ಯಾರೂ ಬರಲೇ ಇಲ್ಲವಲ್ಲಮ್ಮ," ಅಂದರು. ಸುಳ್ಳಾಡುವ ಮನುಷ್ಯರಲ್ಲ. ನಾನು ಲೈಟಿನ ವಿಷಯ ಬಿಡಿಸಿ ಹೇಳಿ, ಗಾಡಿ ತನ್ನಿ, ಹಳೇ ಜೊತೆಯನ್ನೇ ಮತ್ತೆ ಕೂರಿಸಿಕೊಡುತ್ತೇವೆ ಅಂದೆ. ಅವರ ಮುಖ ಬಿಗಿಯಿತು. ತಪ್ಪು ನಿಮ್ಮದು, ಒಪ್ಪಿಕೊಂಡಿರಿ, ಸರಿ. ಆದರೆ ಈ ಲೈಟು ಹಾಕಿಸಿದ ಮೇಲೆಯೇ ನನಗೆ ರಸ್ತೆ ಕಾಣುತ್ತಿರುವುದು. ಇದನ್ನು ಕಿತ್ತುಕೊಂಡರೆ ಇವಳನ್ನು ಹೇಗೆ ಕರೆದುಕೊಂಡು ಹೋಗಲಿ, ನೀವೇ ಹೇಳಿ ಅಂದರು. ಪಾಠ ಒಪ್ಪಿಸದ ಹುಡುಗಿಯ ಹಾಗೆ ನಿಂತಿದ್ದೆ. ಒಂದು ಕಡೆ ಆಕೆಯ ಜೀವ, ಇನ್ನೊಂದು ಕಡೆ ಆ ರಸ್ತೆಯಲ್ಲಿ ಬರುವ ಎಲ್ಲರ ಜೀವ. ನಡುವೆ ನನ್ನ ತಪ್ಪು.

ಮಂಚದ ಮೇಲೆ ಮಲಗಿದ್ದ ಜಯಮ್ಮನವರು ಗೋಡೆ ಕಡೆಗಿದ್ದ ಮುಖ ಈ ಕಡೆ ತಿರುಗಿಸಿದರು. "ನಾಳೆ ಮಂಡ್ಯದಿಂದ ಬರೋವಾಗ ಮದ್ದೂರಿನ ಮೇಲೆ ಬರೋಣ ರೀ. ಅಂಗಡಿ ಹತ್ರ ನಿಲ್ಲಿಸಿ," ಅಂದರು. ಮೇಷ್ಟ್ರು ಏನೋ ಹೇಳಲು ಹೋದರು. "ನಿಲ್ಲಿಸಿ," ಅಂತ ಇನ್ನೊಂದು ಸಲ ಅಂದರು ಆಕೆ.

ಮಾರನೇ ದಿನ ಇನ್ನೂ ಬೆಳಕಿರುವಾಗಲೇ ಬಂದರು. ಜಯಮ್ಮನವರು ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ್ದರು. ಯಜಮಾನರು ಹೊರದೇಶದ ಜೊತೆ ಬಿಚ್ಚಿದರು. ನಾನು ಹಳೇ ಜೊತೆಯ ಗಾಜು ತಿಕ್ಕಿ ತೊಳೆದು, ನಾನೇ ಕಟ್ಟಿದ್ದ ವೈರಿಂಗಿಗೆ ಕೂರಿಸಿದೆ. ಕತ್ತಲಾಗುತ್ತಾ ಬಂದಾಗ ಗಾಡಿಯನ್ನು ಗಿರಣಿ ಗೋಡೆಗೆ ಮುಖಮಾಡಿ ನಿಲ್ಲಿಸಿದೆವು. ಬೆಳಕು ಬಿತ್ತು. ಬಲಗಡೆ ಮಟ್ಟಸ, ಎಡಗಡೆ ಏರು. ಗೆರೆ ಚಾಕುವಿನಿಂದ ಕೊಯ್ದ ಹಾಗಿತ್ತು.

ಎತ್ತರ ಹೊಂದಿಸುವಾಗ ಗಾಡಿ ಓಡಿಸುವವರನ್ನೇ ಸೀಟಿನಲ್ಲಿ ಕೂರಿಸಿ ಕೇಳುವುದು ನಮ್ಮ ಯಜಮಾನರ ರೂಢಿ. ತಿರುಪಿಗೆ ಕೈಯಿಟ್ಟುಕೊಂಡು, "ಮೇಷ್ಟ್ರೇ, ಗೆರೆ ಆ ಇಟ್ಟಿಗೆ ಕಾಣೋ ಜಾಗಕ್ಕಿಂತ ಕೆಳಗದೆಯಾ, ಮೇಲದೆಯಾ?" ಅಂದರು.

"ಯಾವ ಗೆರೆ?" ಅಂದರು ಮೇಷ್ಟ್ರು.

ಯಜಮಾನರು ಅವರಿಗೆ ಕೇಳಿಸಲಿಲ್ಲ ಅಂದುಕೊಂಡು ಇನ್ನೊಂದು ಸಲ ಕೇಳಿದರು. ಮೇಷ್ಟ್ರು ಸ್ಟೇರಿಂಗ್ ಮೇಲೆ ಬಾಗಿ, ಕಣ್ಣು ಕಿರಿದು ಮಾಡಿ, ಹಿಗ್ಗಿಸಿ ನೋಡಿದರು. ನಾನು ಗೋಡೆಯ ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನ ಕಡೆಗೇ ನೋಡುತ್ತಿದ್ದರು, ನಾನಿರುವುದು ಅವರಿಗೆ ಗೊತ್ತಾಗುತ್ತಿಲ್ಲ ಅಂತ ನನಗೆ ಆಗ ತಿಳಿಯಿತು.

ಹಿಂದಿನ ಸೀಟಿನಿಂದ ಜಯಮ್ಮನವರು ಹೇಳಿದರು. "ಅವರಿಗೆ ಕಾಣಲ್ಲ. ಕಣ್ಣಿಗೆ ಪೊರೆ ಬಂದಿದೆ. ನಾನು ಹಿಂದೆ ಕೂತು ಹೇಳ್ತೀನಿ, ಟ್ರ್ಯಾಕ್ಟರ್ ಇದೆ, ತಿರುವು ಬಂತು, ಎಡಕ್ಕೆ ತಗೊಳ್ಳಿ ಅಂತ. ಹಂಗೇ ಹೋಗಿ ಬರ್ತಿದ್ವಿ. ಪೂಜಾರಪ್ಪ ಬಿದ್ದ ದಿನ ನನಗೆ ಸುಸ್ತಾಗಿ ನಿದ್ದೆ ಬಂದ್ಬಿಡ್ತು."

ಮೇಷ್ಟ್ರು ಲೈಟು ಆರಿಸಿದರು. ಕತ್ತಲಲ್ಲಿ ಕೂತು, ಡಾಕ್ಟರಿಗೆ ತೋರಿಸಿದ್ದೆ ಅಂತ ಮೆಲ್ಲಗೆ ಹೇಳಿದರು. ಆಪರೇಷನ್ ಮಾಡಿಸಿಕೊಂಡರೆ ಕೆಲವು ದಿನ ಗಾಡಿ ಮುಟ್ಟಬಾರದು ಅಂದರಂತೆ. ಇವಳಿಗೆ ಒಂದು ಸರದಿ ತಪ್ಪಿದರೂ ಕಾಲು ಮುಖ ಊದಿಕೊಳ್ಳುತ್ತೆ, ಯಾರನ್ನ ಕೇಳೋದು, ಲೈಟು ದೊಡ್ಡದು ಮಾಡಿಸಿದರೆ ಹೇಗೋ ನಡೆಯುತ್ತೆ ಅಂದುಕೊಂಡೆ ಅಂದರು. ಊರಿಗೆಲ್ಲ ಪಾಠ ಹೇಳಿದ ಮನುಷ್ಯ, ನಾನು ಯಾರ ಹತ್ತಿರವೂ ಸಹಾಯ ಕೇಳಿದವನಲ್ಲ ಅನ್ನುತ್ತಾ ಮುಖ ಒರೆಸಿಕೊಂಡರು.

ಭಾಗ್ಯ, ನಿನ್ನ ಹುಡುಗಿಯರಿಗೆ ಇದನ್ನು ಓದುವಾಗ ಇಲ್ಲಿ ಸ್ವಲ್ಪ ನಿಲ್ಲಿಸು. ರಿಲೇ ಕೊಡುವುದು, ಬೆಸುಗೆ ಹಾಕುವುದು ಯಾರು ಬೇಕಾದರೂ ಹೇಳಿಕೊಡುತ್ತಾರೆ. ಲೈಟು ಸಾಲದು ಅಂತ ಬಂದವರನ್ನು ಗೋಡೆ ಎದುರು ಕೂರಿಸಿ, ಗೆರೆ ಕಾಣುತ್ತಾ ಅಂತ ಮೊದಲು ಕೇಳಿ. ನಾವು ಆ ಕಾರಿನ ಮೂತಿಯನ್ನು ಮೂರು ಸಲ ಬಿಚ್ಚಿದೆವು. ಅದರೊಳಗೆ ಕೂತವರ ಮುಖವನ್ನು ಒಂದು ಸಲವೂ ನೋಡಲಿಲ್ಲ. ಪೂಜಾರಪ್ಪನ ಕೈ ಮುರಿದದ್ದಕ್ಕಿಂತ ಇದಕ್ಕೇ ನನಗೆ ಹೆಚ್ಚು ನಾಚಿಕೆ. ಅದು ದೇವರ ಹೆಸರಿನಲ್ಲಿ ಮಾಡಿದ ದಡ್ಡತನ. ಇದಕ್ಕೆ ಯಾವ ಹೆಸರೂ ಇಲ್ಲ.

ಆಮೇಲಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೇಷ್ಟ್ರ ಕಣ್ಣಿನ ಆಪರೇಷನ್ ಆಗಿ ಡಾಕ್ಟರು ಒಪ್ಪುವವರೆಗೂ ನಮ್ಮ ಯಜಮಾನರೇ ಜಯಮ್ಮನವರನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗಿ ಬಂದರು. ಆ ದಿನಗಳಲ್ಲಿ ಅಂಗಡಿಯಲ್ಲಿ ನಾನೊಬ್ಬಳೇ. ಗೋಡೆ ಎದುರು ಲೈಟು ಹೊಂದಿಸುವುದನ್ನು ಆಗಲೇ ಕಲಿತದ್ದು. ಮಾದಯ್ಯನವರ ಕೈ ಕೂಡಿತು, ಮಣಿಕಟ್ಟು ಸ್ವಲ್ಪ ಸೊಟ್ಟ. ಆರತಿ ತಟ್ಟೆ ಮೇಲೆತ್ತುವಾಗ ಒಂದು ಕ್ಷಣ ತಡೆಯುತ್ತದೆ. ಬೇರೆಯವರಿಗೆ ಗೊತ್ತಾಗುವುದಿಲ್ಲ. ನಾನು ಗುಡಿಗೆ ಹೋಗುವುದು ಬಿಟ್ಟಿಲ್ಲ, ಆದರೆ ಹೂ ಕೇಳುವುದು ಬಿಟ್ಟಿದ್ದೇನೆ. ಮೇಷ್ಟ್ರು ಕಣ್ಣು ಬಂದ ಮೇಲೆ ಒಂದು ಸಂಜೆ ನಮ್ಮ ಅಂಗಡಿಗೆ ಬಂದು ಗಾಡಿಯನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದರು. ಲೈಟು ಹಾಕಿ ಸುಮ್ಮನೆ ನೋಡುತ್ತಾ ಕೂತರು. ಇಷ್ಟು ಬೆಳಕು ಇತ್ತಾ ಇದರಲ್ಲಿ ಅಂದರು. ಅದೇ ಹಳೇ ಗಾಜು, ಮೊದಲ ಸಲ ಕಟ್ಟಿದ ಅದೇ ವೈರಿಂಗು.

ಆದರೆ ಹಳೇ ಜೊತೆ ಕೂರಿಸಿದ ಅವತ್ತಿನ ಸಂಜೆ ನಮಗೆ ಅದ್ಯಾವುದೂ ಗೊತ್ತಿರಲಿಲ್ಲ. ಮೇಷ್ಟ್ರು ಇಳಿದು ಆ ಕಡೆಯ ಸೀಟಿಗೆ ಹೋಗಿ ಕೂತರು. ಕೀಲಿಯನ್ನು ಯಜಮಾನರ ಕೈಗೆ ಕೊಡುವಾಗ ತಲೆಯೆತ್ತಲಿಲ್ಲ, ಇವರೂ ಎತ್ತಲಿಲ್ಲ. ನಾನು ಹಿಂದಿನ ಬಾಗಿಲು ತೆಗೆದು ಜಯಮ್ಮನವರ ದಿಂಬು ಸರಿಮಾಡಿದೆ. ನಮ್ಮದು ತಪ್ಪಾಯ್ತು ಅಂತ ಹೇಳಬೇಕೆಂದಿದ್ದೆ. ಆಕೆ ನನ್ನ ಕೈ ಹಿಡಿದುಕೊಂಡರು. ಆ ಕೈಗೆ ಸೂಜಿ ಚುಚ್ಚಿ ಚುಚ್ಚಿ ನರ ಹಗ್ಗದ ಹಾಗೆ ಉಬ್ಬಿತ್ತು.

"ಇವತ್ತು ಮಲ್ಕೊಂಡು ಹೋಗ್ಲಾ ಸಾವಿತ್ರಮ್ಮ?" ಅಂತ ಕೇಳಿದರು.

ಹೂಂ ಅಂತ ತಲೆಯಾಡಿಸಿದೆ. ಗಾಡಿ ತಿರುಗುವ ಮೊದಲೇ ಆಕೆಯ ಕಣ್ಣು ಮುಚ್ಚಿತ್ತು.

ಮಳವಳ್ಳಿ ರಸ್ತೆಗೆ ಹೊರಳುವವರೆಗೂ ನೋಡುತ್ತಾ ನಿಂತಿದ್ದೆ. ಪಕ್ಕದ ಮನೆಯ ರತ್ನ ಕಾಂಪೌಂಡಿನಿಂದ, ನಲ್ಲಿ ನೀರು ಬಂದು ಆಗಲೇ ಎಷ್ಟೊತ್ತಾಯ್ತು ಕಣಕ್ಕ, ನಿಂತೋಯ್ತದೆ ನೋಡು ಅಂತ ಕೂಗಿದಳು. ಅಂಗಡಿಯ ಬಾಗಿಲು ಎಳೆದು ಒಳಗೆ ಹೋದೆ. ನೀರು ತುಂಬುವ ಡ್ರಮ್ಮಿನ ತಳದಲ್ಲಿ ಪಾಚಿ ಕಟ್ಟಿತ್ತು. ಮೊದಲು ಅದನ್ನು ಬಗ್ಗಿಸಿ, ತೆಂಗಿನ ನಾರು ಹಾಕಿ ಉಜ್ಜಿದೆ. ಆಮೇಲೆ ನಲ್ಲಿಗೆ ಪೈಪು ಸಿಕ್ಕಿಸಿದೆ.